ಕಾದಂಬರಿಯಿಂದ ಶೀರ್ಷಿಕೆ ದೃಶ್ಯಾವಳಿಗೆ: ಅನಿಮೇಷನ್ ಯೋಜಿಸುವ ಬಗೆ

ಕಾದಂಬರಿಯೊಂದನ್ನು ಆಧರಿಸಿದ ಚಲನಚಿತ್ರಕ್ಕೋ ಧಾರಾವಾಹಿಗೋ ಅನಿಮೇಷನ್‌ನಲ್ಲಿ ಶೀರ್ಷಿಕೆ ದೃಶ್ಯಾವಳಿ, ಎಂದರೆ ಚಿತ್ರದ ಹೆಸರನ್ನೂ ಅದನ್ನು ಮಾಡಿದವರ ಹೆಸರುಗಳನ್ನೂ ತೋರಿಸುವ ಭಾಗ, ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಕಾದಂಬರಿಯಲ್ಲಿ ಬರುವ ವಸ್ತುಗಳನ್ನು ಪಟ್ಟಿ ಮಾಡುವ ಕೆಲಸಕ್ಕೆ. ಒಂದು ಹಳೆಯ ಗಡಿಯಾರ, ಒಂದು ಪತ್ರ, ಒಂದು ಕೀಲಿಕೈ, ಪುಸ್ತಕದ ನಡುವೆ ಒಣಗಿದ ಒಂದು ಹೂವು. ಪಟ್ಟಿಯಲ್ಲಿರುವುದನ್ನೆಲ್ಲ ಅಂದವಾಗಿ ಬರೆದು, ಒಂದು ಇನ್ನೊಂದರೊಳಗೆ ಕರಗುವಂತೆ ಮಾಡಿ, ಮೇಲೆ ಹೆಸರುಗಳನ್ನು ಕೂರಿಸಿದರೆ ಒಂದೂವರೆ ನಿಮಿಷ ತುಂಬುತ್ತದೆ. ನೋಡಲು ಚೆನ್ನಾಗಿಯೂ ಇರುತ್ತದೆ. ಆದರೆ ಅದನ್ನು ಕಳಚಿ ಬೇರೊಂದು ಕಾದಂಬರಿಯ ಚಿತ್ರಕ್ಕೆ ಅಂಟಿಸಿದರೂ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದೇ ಅದರ ದೋಷ.

ಹುಡುಕಬೇಕಾದದ್ದು ಕಾದಂಬರಿಯ ಚಲನೆಯನ್ನು. ಪ್ರತಿಯೊಂದು ಒಳ್ಳೆಯ ಕಾದಂಬರಿಯೊಳಗೂ ಮತ್ತೆ ಮತ್ತೆ ಮರಳಿ ಬರುವ ಒಂದು ಚಲನೆ ಇರುತ್ತದೆ. ಯಾವುದೋ ಏರುತ್ತಿರುತ್ತದೆ, ಸವೆಯುತ್ತಿರುತ್ತದೆ, ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತಿರುತ್ತದೆ, ಬಿರುಕು ಬಿಡುತ್ತಿರುತ್ತದೆ. ನೆಲ್ಸನ್ ಆಲ್‌ಗ್ರೆನ್ ಅವರ 1949ರ ಕಾದಂಬರಿಯನ್ನು ಆಧರಿಸಿ 1955ರಲ್ಲಿ ತೆರೆಕಂಡ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ಚಿತ್ರ ಮಾದಕ ವ್ಯಸನಿಯೊಬ್ಬನ ಕಥೆ. ಅದಕ್ಕೆ ಸಾಲ್ ಬಾಸ್ ರೂಪಿಸಿದ ಶೀರ್ಷಿಕೆಯಲ್ಲಿ ನಾಯಕನ ಮುಖವೂ ಇಲ್ಲ, ಸೂಜಿಯೂ ಇಲ್ಲ. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಪಟ್ಟಿಗಳು ಚುಚ್ಚಿದಂತೆ ಒಳನುಗ್ಗುತ್ತವೆ, ಜಾಗ ಬದಲಿಸುತ್ತವೆ, ಕೊನೆಗೆ ಸೆಟೆದು ಸೊಟ್ಟಗಾದ ಒಂದು ತೋಳಾಗುತ್ತವೆ. ಮೂರು ವರ್ಷಗಳ ನಂತರ, ಫ್ರೆಂಚ್ ಕಾದಂಬರಿಯೊಂದನ್ನು ಆಧರಿಸಿದ ‘ವರ್ಟಿಗೋ’ ಚಿತ್ರಕ್ಕೆ ಅವರೇ ಮಾಡಿದ ಶೀರ್ಷಿಕೆಯಲ್ಲಿ ಕಣ್ಣಿನ ಒಳಗಿನಿಂದ ಸುರುಳಿಗಳು ತಿರುಗುತ್ತ ಹೊರಬರುತ್ತವೆ. ತಲೆ ತಿರುಗುವುದೂ ಒಬ್ಬ ಮನುಷ್ಯ ಒಂದೇ ಗೀಳಿನ ಸುತ್ತ ಸುತ್ತುವುದೂ ಆ ಒಂದೇ ಚಲನೆಯಲ್ಲಿ ಅಡಗಿವೆ. ಎರಡರಲ್ಲೂ ನೆನಪಿನಲ್ಲಿ ಉಳಿಯುವುದು ಆಕಾರ ಚಲಿಸುವ ರೀತಿ.

ಮುಂದಿನ ಮಾತುಗಳನ್ನು ಗಾಳಿಯಲ್ಲಿ ಹೇಳುವುದಕ್ಕಿಂತ ಒಂದು ಉದಾಹರಣೆಯನ್ನು ಹಿಡಿದು ಸಾಗುವುದು ಮೇಲು. ಇದಕ್ಕಾಗಿ ನಾನೇ ಕಲ್ಪಿಸಿಕೊಂಡ ಒಂದು ಕಾದಂಬರಿ ಇದೆ ಎಂದುಕೊಳ್ಳೋಣ. ಅದರ ಹೆಸರು ‘ಮಟ್ಟ’. ನದಿಯೊಂದಕ್ಕೆ ಅಣೆಕಟ್ಟು ಬರಲಿದೆ. ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಗುರುತು ಹಾಕಲು ಸರ್ವೆ ಇಲಾಖೆಯ ಮಹಿಳೆಯೊಬ್ಬಳು ಒಂದು ಊರಿಗೆ ಬರುತ್ತಾಳೆ. ಅವಳು ಎಳೆಯುವ ಗೆರೆ ಹೊಲಗಳನ್ನು ದಾಟಿ, ಒಂದು ಮನೆಯ ಗೋಡೆಯ ನಡುವಿನಿಂದಲೇ ಹಾದುಹೋಗುತ್ತದೆ. ಕಾದಂಬರಿಯ ಕೊನೆಯಲ್ಲಿ ಒಂದು ಸಂಗತಿ ಬಯಲಾಗುತ್ತದೆ: ಆ ಮನೆಯನ್ನು ಉಳಿಸಲು ಅವಳು ತನ್ನ ಪುಸ್ತಕದಲ್ಲಿ ಒಂದು ಅಂಕಿಯನ್ನು ತಿದ್ದಿದ್ದಳು.

ಮೂರು ಸಲ ಓದುವುದು

ಮೊದಲ ಓದಿನಲ್ಲಿ ಕೈಯಲ್ಲಿ ಪೆನ್ಸಿಲ್ ಇರಬಾರದು. ಕೆಲಸಕ್ಕಾಗಿ ಓದುತ್ತಿದ್ದೇನೆ ಎಂಬುದನ್ನು ಮರೆತು ಓದಿ ಮುಗಿಸಿ, ಎರಡು ದಿನ ಬಿಟ್ಟು, ಪುಸ್ತಕ ತೆರೆಯದೆ ನೆನಪಿನಲ್ಲಿ ಉಳಿದದ್ದನ್ನು ಅರ್ಧ ಪುಟದಲ್ಲಿ ಬರೆಯಬೇಕು. ಈ ಅರ್ಧ ಪುಟ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ತಿಂಗಳುಗಟ್ಟಲೆ ಕೆಲಸ ಮಾಡಿದ ಮೇಲೆ ಕಾದಂಬರಿಯನ್ನು ಮೊದಲ ಬಾರಿ ಓದಿದವರಿಗೆ ಏನನಿಸುತ್ತದೆ ಎಂಬುದು ನಮಗೆ ಪೂರ್ತಿ ಮರೆತುಹೋಗಿರುತ್ತದೆ.

ಎರಡನೆಯ ಓದಿನಲ್ಲಿ ಕ್ರಿಯಾಪದಗಳನ್ನು ಬರೆದುಕೊಳ್ಳಬೇಕು. ನೋಟ್‌ಪುಸ್ತಕದ ಪುಟವನ್ನು ನಾಲ್ಕು ಕಂಬಸಾಲುಗಳಾಗಿ ವಿಭಾಗಿಸಿ ಪುಟಸಂಖ್ಯೆ, ಚಲಿಸುವುದು ಯಾವುದು, ಹೇಗೆ ಚಲಿಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತುಂಬುತ್ತ ಹೋದರೆ ಐವತ್ತು ಅರವತ್ತು ನಮೂದುಗಳಾಗುವಷ್ಟರಲ್ಲಿ ಒಂದೆರಡು ಚಲನೆಗಳು ಬೇರೆ ಬೇರೆ ವೇಷದಲ್ಲಿ ಪದೇ ಪದೇ ತಲೆಯೆತ್ತುವುದು ಕಾಣುತ್ತದೆ. ‘ಮಟ್ಟ’ದಲ್ಲಿ ಅಳತೆಯ ಸರಪಳಿಯನ್ನು ನೆಲದ ಮೇಲೆ ಎಳೆಯುತ್ತಾರೆ, ಮಗು ಗೋಡೆಯ ಮೇಲೆ ತನ್ನ ಎತ್ತರಕ್ಕೆ ಗೆರೆ ಎಳೆದುಕೊಳ್ಳುತ್ತದೆ, ಬಾವಿಯ ಕಲ್ಲಿನ ಮೇಲೆ ಹಗ್ಗ ಗೀರು ಬಿಡುತ್ತದೆ, ಪ್ರತಿ ಮಳೆಗಾಲ ಮುಗಿದಾಗ ನದಿ ದಂಡೆಯ ಮರಗಳ ಬೊಡ್ಡೆಯ ಮೇಲೆ ಕೆಸರಿನ ಪಟ್ಟಿಯೊಂದನ್ನು ಉಳಿಸಿಹೋಗುತ್ತದೆ. ಇವೆಲ್ಲ ಒಂದೇ ಚಲನೆ: ಒಂದು ಗೆರೆ ಮೂಡುತ್ತದೆ, ಅದರ ಕೆಳಗಿರುವುದು ಒಂದಾಗಿ, ಮೇಲಿರುವುದು ಇನ್ನೊಂದಾಗಿ ಬೇರ್ಪಡುತ್ತವೆ. ವಸ್ತುಗಳ ಪಟ್ಟಿ ಮಾಡಿದ್ದರೆ ಸರಪಳಿ, ಬಾವಿ, ಮರ ಎಂದು ನಾಲ್ಕಾರು ಚಿತ್ರಗಳು ಸಿಗುತ್ತಿದ್ದವು. ಅವುಗಳನ್ನು ಕಟ್ಟುವ ದಾರ ಸಿಗುತ್ತಿರಲಿಲ್ಲ.

ಮೂರನೆಯ ಓದು ಕಣ್ಣಿನ ಓದು. ನಿರೂಪಕ ಎಲ್ಲಿ ನಿಂತು ನೋಡುತ್ತಿದ್ದಾನೆ, ಹತ್ತಿರದಿಂದಲೋ ದೂರದಿಂದಲೋ, ಬೆಳಕು ಯಾವ ಹೊತ್ತಿನದು, ವಾಕ್ಯಗಳು ಗಿಡ್ಡವೋ ಉದ್ದವೋ ಎಂಬುದನ್ನಷ್ಟೇ ಗಮನಿಸಿದರೆ ಸಾಕು. ಗಿಡ್ಡ ವಾಕ್ಯಗಳಲ್ಲಿ ಉಸಿರು ಬಿಗಿಹಿಡಿದು ಬರೆದ ಕಾದಂಬರಿಗೆ ನಿಧಾನವಾಗಿ ತೇಲುವ ಕ್ಯಾಮೆರಾ ಒಗ್ಗುವುದಿಲ್ಲ. ಕಾದಂಬರಿಕಾರರ ಗದ್ಯದ ಲಯವನ್ನು ಎಡಿಟಿಂಗ್‌ನ ಲಯಕ್ಕೆ ತರುವುದು ಮೂಲಕ್ಕೆ ನಿಷ್ಠವಾಗಿರುವ ರೀತಿಗಳಲ್ಲಿ ಒಂದು. ಪಾತ್ರದ ಸೀರೆಯ ಬಣ್ಣ ಕಾದಂಬರಿಯಲ್ಲಿದ್ದಂತೆಯೇ ಇದೆಯೇ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಮುಖ್ಯ.

ಏನನ್ನು ಹೇಳಬಾರದು

ಶೀರ್ಷಿಕೆಯನ್ನು ನೋಡುವವರಲ್ಲಿ ಎರಡು ಪಂಗಡಗಳಿರುತ್ತವೆ. ಕಾದಂಬರಿಯನ್ನು ಓದಿದವರಿಗೆ ಗುರುತಿನ ಸಂತೋಷ ಸಿಗಬೇಕು. ಓದದವರಿಗೆ ಕಥೆಯ ಗುಟ್ಟು ಬಿಟ್ಟುಕೊಡಬಾರದು. ಎರಡನ್ನೂ ಸಾಧಿಸುವ ದಾರಿಯೆಂದರೆ ಮೊದಲ ನೋಟಕ್ಕೆ ಅಲಂಕಾರದಂತೆ ಕಂಡು, ಕಥೆ ತಿಳಿದ ಮೇಲೆ ಅರ್ಥ ತೆರೆದುಕೊಳ್ಳುವ ಒಂದು ವಿವರವನ್ನು ಒಳಗಿಡುವುದು. ‘ಮಟ್ಟ’ದ ಶೀರ್ಷಿಕೆಯಲ್ಲಿ ನಕ್ಷೆಯ ಅಂಚಿನಲ್ಲಿ ಅಂಕಿಗಳ ಸಾಲೊಂದು ಮೂಡುತ್ತದೆ ಎನ್ನೋಣ, ಅವುಗಳಲ್ಲಿ ಒಂದರ ಕೆಳಗಿನ ಕಾಗದ ಮಾತ್ರ ತುಸು ತೆಳುವಾಗಿದೆ, ಅಳಿಸಿ ಬರೆದಂತೆ. ಹನ್ನೆರಡು ಫ್ರೇಮ್‌ಗಳ (ಚಿತ್ರಸುರುಳಿಯ ಬಿಡಿ ಚಿತ್ರಗಳ) ಕಾಲ, ಎಂದರೆ ಅರ್ಧ ಸೆಕೆಂಡು, ಅದು ತೆರೆಯ ಮೇಲಿದ್ದರೆ ಸಾಕು. ಅದರ ಮೇಲೆ ಕ್ಯಾಮೆರಾ ಹತ್ತಿರ ಹೋದರೆ ಗುಟ್ಟು ರಟ್ಟಾಯಿತು.

ಶೀರ್ಷಿಕೆ ಚಿತ್ರದ ಆರಂಭಕ್ಕೋ ಕೊನೆಗೋ ಎಂಬುದರ ಮೇಲೆ ಈ ಲೆಕ್ಕಾಚಾರವೆಲ್ಲ ಬದಲಾಗುತ್ತದೆ. ಜೂಲ್ಸ್ ವರ್ನ್ ಅವರ ಕಾದಂಬರಿಯನ್ನು ಆಧರಿಸಿದ 1956ರ ‘ಅರೌಂಡ್ ದಿ ವರ್ಲ್ಡ್ ಇನ್ 80 ಡೇಸ್’ ಚಿತ್ರದಲ್ಲಿ ಸಾಲ್ ಬಾಸ್ ಅವರ ಅನಿಮೇಟೆಡ್ ಶೀರ್ಷಿಕೆ ಬರುವುದು ಕೊನೆಯಲ್ಲಿ, ಮತ್ತು ಅದು ಅಲ್ಲಿಯವರೆಗಿನ ಪ್ರಯಾಣವನ್ನೆಲ್ಲ ಮತ್ತೊಮ್ಮೆ ಹಾಸ್ಯದ ಧಾಟಿಯಲ್ಲಿ ಸುತ್ತಿ ಬರುತ್ತದೆ. ಕೊನೆಯಲ್ಲಿ ಇಡುವುದಾದರೆ ಕಥೆ ಹೇಳುವ ಸ್ವಾತಂತ್ರ್ಯವಿದೆ. ಆರಂಭದಲ್ಲಿ ಇಡುವುದಾದರೆ ಮನಃಸ್ಥಿತಿಯನ್ನು ಕಟ್ಟುವುದಷ್ಟೇ ನಮ್ಮ ಪಾಲಿನ ಕೆಲಸ. ಧಾರಾವಾಹಿಯದು ಮೂರನೆಯ ಬಗೆ. ಅದೇ ಶೀರ್ಷಿಕೆಯನ್ನು ಪ್ರೇಕ್ಷಕ ಹತ್ತಾರು ಬಾರಿ ನೋಡಬೇಕು, ಬೇಡವೆನಿಸಿದರೆ ಒಂದು ಗುಂಡಿ ಒತ್ತಿ ದಾಟಿಹೋಗಲೂಬಹುದು. ಕಾದಂಬರಿ ಸರಣಿಯನ್ನು ಆಧರಿಸಿ 2011ರಲ್ಲಿ ಆರಂಭವಾದ ‘ಗೇಮ್ ಆಫ್ ಥ್ರೋನ್ಸ್’ನಲ್ಲಿ ಯಂತ್ರದಂತೆ ಎದ್ದುನಿಲ್ಲುವ ನಕ್ಷೆಯ ಊರುಗಳು ಆಯಾ ಕಂತಿನ ಕಥೆಗೆ ತಕ್ಕಂತೆ ಬದಲಾಗುತ್ತಿದ್ದುದು ಈ ತೊಡಕಿಗೆ ಸಿಕ್ಕ ಜಾಣ ಉತ್ತರ. ಹೀಗೆ ಬದಲಾಗಬೇಕಾದ ಭಾಗ ಯಾವುದೆಂದು ಮೊದಲೇ ತೀರ್ಮಾನಿಸಿ ಅದನ್ನು ಪ್ರತ್ಯೇಕ ಶಾಟ್ ಆಗಿ ಇಟ್ಟುಕೊಂಡರೆ ಉಳಿದದ್ದನ್ನು ಮುಟ್ಟದೆ ಪ್ರತಿ ಕಂತಿಗೂ ಹೊಸದನ್ನು ಕೂರಿಸಬಹುದು.

ಇಷ್ಟಾದ ಮೇಲೆ ಇಡೀ ಯೋಜನೆಯನ್ನು ಒಂದೇ ವಾಕ್ಯದಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು ಹೀಗಿರಬಹುದು: “ಕಾಗದದ ಮೇಲೆ ಒಬ್ಬಳು ಎಳೆದ ಗೆರೆಗಳು ಒಂದೊಂದಾಗಿ ನೀರಿನ ಅಂಚಾಗುತ್ತವೆ.” ಈ ವಾಕ್ಯದಲ್ಲಿ ಒಂದು ಕ್ರಿಯಾಪದ ಇಲ್ಲದಿದ್ದರೆ, ಅಥವಾ “ನೆನಪು”, “ಕಾಲ”, “ಅಸ್ಮಿತೆ” ಮುಂತಾದ ಪದಗಳು ನುಸುಳಿದ್ದರೆ, ಯೋಜನೆ ಇನ್ನೂ ಮಾಗಿಲ್ಲ ಎಂದೇ ತಿಳಿಯಬೇಕು. ನೆನಪನ್ನು ಯಾರೂ ಅನಿಮೇಟ್ ಮಾಡಲಾರರು; ಗೆರೆಯನ್ನು ಮಾಡಬಹುದು.

ಹಕ್ಕಿನ ವಿಚಾರ

ಇದನ್ನು ಬೇಗ ಮುಗಿಸೋಣ, ಆದರೆ ಬಿಡುವಂತಿಲ್ಲ. ಸಾಹಿತ್ಯ ಕೃತಿಯನ್ನು ರೂಪಾಂತರಿಸುವ ಹಕ್ಕು ಲೇಖಕರದೆಂದು ಕೃತಿಸ್ವಾಮ್ಯ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ 12ನೆಯ ವಿಧಿ ಹೇಳುತ್ತದೆ. ಆ ಒಪ್ಪಂದದ ಪ್ರಕಾರ ಕೃತಿಸ್ವಾಮ್ಯದ ಸಾಮಾನ್ಯ ಕನಿಷ್ಠ ಅವಧಿ ಲೇಖಕರ ಜೀವಿತಾವಧಿ ಮತ್ತು ನಂತರದ 50 ವರ್ಷ. ಹಲವು ದೇಶಗಳಲ್ಲಿ ಇದು ಇನ್ನೂ ಹೆಚ್ಚು. ನಿರ್ಮಾಪಕರು ಚಿತ್ರಕ್ಕೆ ಹಕ್ಕು ಪಡೆದಿದ್ದರೆ ಸಾಮಾನ್ಯವಾಗಿ ಶೀರ್ಷಿಕೆಯೂ ಅದರಲ್ಲಿ ಸೇರುತ್ತದೆ, ಆದರೆ ಮೂರು ವಿಷಯಗಳನ್ನು ಬಾಯಿಬಿಟ್ಟು ಕೇಳಿಕೊಳ್ಳಬೇಕು. ಪುಸ್ತಕದ ಮುಖಪುಟದ ಚಿತ್ರದ ಹಕ್ಕು ಬೇರೆಯವರದಾಗಿರಬಹುದು, ಅದನ್ನು ಹೋಲುವಂತೆ ಬರೆಯುವ ಮುನ್ನ ಪ್ರತ್ಯೇಕ ಅನುಮತಿ ಬೇಕು. ಅನುವಾದವೊಂದರ ಸಾಲುಗಳನ್ನು ತೆರೆಯ ಮೇಲೆ ತೋರಿಸುವುದಾದರೆ ಅನುವಾದಕರ ಹಕ್ಕು ಬೇರೆಯೇ ಇದೆ. ಸಂಗೀತಕ್ಕೆ ರಚನೆಯ ಹಕ್ಕು ಒಂದು, ಧ್ವನಿಮುದ್ರಣದ ಹಕ್ಕು ಇನ್ನೊಂದು. ಯಾರ ಚಿತ್ರಕ್ಕೂ ಸಂಬಂಧವಿಲ್ಲದೆ ಕಲಿಕೆಗಾಗಿ ಮಾಡುವವರು ಕೃತಿಸ್ವಾಮ್ಯದ ಅವಧಿ ಮುಗಿದ ಕಾದಂಬರಿಯನ್ನು ಆರಿಸಿಕೊಂಡರೆ ನೆಮ್ಮದಿ.

ಹೆಸರುಗಳ ಪಟ್ಟಿ ಮತ್ತು ಕಾಲದ ಲೆಕ್ಕ

ಶೀರ್ಷಿಕೆ ಎಂದರೆ ಕೊನೆಗೂ ಹೆಸರುಗಳನ್ನು ಓದಿಸುವ ಏರ್ಪಾಡು. ಇದನ್ನು ಮರೆತು ಚಿತ್ರಗಳನ್ನೆಲ್ಲ ಮಾಡಿ ಮುಗಿಸಿ, ಕೊನೆಯಲ್ಲಿ ಹೆಸರುಗಳಿಗೆ ಜಾಗ ಹುಡುಕುವವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಒಮ್ಮೆ ನಾನೇ ಹಾಗೆ ಮಾಡಿ, ತುಂಬಿದ ಚಿತ್ರದ ಮೇಲೆ ಹೆಸರುಗಳಿಗೆ ಕಪ್ಪು ಪಟ್ಟಿ ಹಾಕಬೇಕಾಗಿ ಬಂದು ಪಶ್ಚಾತ್ತಾಪ ಪಟ್ಟಿದ್ದೇನೆ. ಕಲಾವಿದರ, ತಂತ್ರಜ್ಞರ ಹೆಸರುಗಳ ಅನುಕ್ರಮ, ಗಾತ್ರ, ಯಾರದು ಒಂಟಿ ಕಾರ್ಡ್ (ತೆರೆಯ ಮೇಲೆ ಒಮ್ಮೆಗೆ ಬರುವ ಹೆಸರಿನ ಫಲಕ), ಯಾರದು ಜಂಟಿ ಎಂಬುದೆಲ್ಲ ಬಹುಮಟ್ಟಿಗೆ ಅವರವರ ಒಪ್ಪಂದದಲ್ಲಿ ಮೊದಲೇ ನಿಗದಿಯಾಗಿರುತ್ತದೆ. ಆದ್ದರಿಂದ ಮೊದಲ ಸ್ಕೆಚ್‌ಗೂ ಮುನ್ನ ನಿರ್ಮಾಣ ಸಂಸ್ಥೆಯಿಂದ ಸಹಿಯಿರುವ ಅಂತಿಮ ಪಟ್ಟಿಯನ್ನು, ಪ್ರತಿ ಹೆಸರಿನ ಕಾಗುಣಿತ ಸಮೇತ, ಬರಹದಲ್ಲಿ ತರಿಸಿಕೊಳ್ಳಬೇಕು. ಫೋನಿನಲ್ಲಿ ಕೇಳಿ ಬರೆದುಕೊಂಡ ಹೆಸರು ತೆರೆಯ ಮೇಲೆ ತಪ್ಪಾಗಿಯೇ ಬರುತ್ತದೆ ಎಂದು ಇಟ್ಟುಕೊಳ್ಳುವುದು ಕ್ಷೇಮ.

ಕಾಲದ ಲೆಕ್ಕವನ್ನು ಸಂಗೀತದಿಂದ ಆರಂಭಿಸಿದರೆ ಕೆಲಸ ಹಗುರವಾಗುತ್ತದೆ. ಚಲನಚಿತ್ರಕ್ಕೆ ಸೆಕೆಂಡಿಗೆ 24 ಫ್ರೇಮ್. ಸಂಗೀತದ ಗತಿ ನಿಮಿಷಕ್ಕೆ 80 ಬೀಟ್ ಇದ್ದರೆ ಪ್ರತಿ ಬೀಟ್‌ಗೆ ಸರಿಯಾಗಿ 18 ಫ್ರೇಮ್ ಬರುತ್ತದೆ. 90 ಇದ್ದರೆ 16, 120 ಇದ್ದರೆ 12. ಗತಿ 100 ಆದರೆ ಬೀಟ್‌ಗೆ 14.4 ಫ್ರೇಮ್, ಅಂದರೆ ಐದು ಬೀಟ್‌ಗೊಮ್ಮೆ ಬಿಟ್ಟರೆ ಶಾಟ್‌ನಿಂದ ಶಾಟ್‌ಗೆ ಹೋಗುವ ಕಟ್ ತಾಳಕ್ಕೆ ಕರಾರುವಾಕ್ಕಾಗಿ ಕೂರುವುದಿಲ್ಲ, ಉಳಿದ ಕಡೆಯೆಲ್ಲ ಅತ್ತಿತ್ತ ಜರುಗಿಸಬೇಕು. ಸಂಗೀತ ಇನ್ನೂ ಸಿದ್ಧವಾಗಿಲ್ಲದಿದ್ದರೆ ಸಂಗೀತ ನಿರ್ದೇಶಕರ ಜೊತೆ ಕುಳಿತು ಬೀಟ್‌ಗೆ ಪೂರ್ಣ ಫ್ರೇಮ್‌ಗಳು ಬರುವ ಒಂದು ಗತಿಯನ್ನು ಮೊದಲೇ ಒಪ್ಪಿಕೊಳ್ಳುವುದರಿಂದ ಇಬ್ಬರಿಗೂ ಅನುಕೂಲ.

‘ಮಟ್ಟ’ಕ್ಕೆ 75 ಸೆಕೆಂಡು ಸಿಕ್ಕಿದೆ, ಗತಿ 80 ಎಂದಿಟ್ಟುಕೊಳ್ಳೋಣ. ಒಟ್ಟು 100 ಬೀಟ್, ನಾಲ್ಕು ನಾಲ್ಕರಂತೆ 25 ಆವರ್ತ, ಪ್ರತಿ ಆವರ್ತವೂ ಸರಿಯಾಗಿ ಮೂರು ಸೆಕೆಂಡು. ಒಂದು ಹೆಸರನ್ನು ನಿಧಾನವಾಗಿ ಎರಡು ಬಾರಿ ಓದಲು ಬೇಕಾಗುವ ಸಮಯವೂ ಸುಮಾರು ಅಷ್ಟೇ, ಆದ್ದರಿಂದ ಕಾರ್ಡಿಗೆ ಒಂದು ಆವರ್ತ. ಮೊದಲ ಮೂರು ಆವರ್ತಗಳಲ್ಲಿ ಹೆಸರುಗಳಿಲ್ಲ, ಗೆರೆ ಮಾತ್ರ. ನಂತರ ಎರಡು ಕಾರ್ಡ್, ಆಮೇಲೆ ಚಿತ್ರದ ಹೆಸರಿಗೆ ನಾಲ್ಕು ಆವರ್ತ, ತಂತ್ರಜ್ಞರಿಗೂ ಕಲಾವಿದರಿಗೂ ಹನ್ನೊಂದು, ಕಾದಂಬರಿಕಾರರಿಗೆ ಒಂದು, ನಿರ್ದೇಶಕರಿಗೆ ಎರಡು, ಕೊನೆಗೆ ಉಸಿರಾಡಲು ಎರಡು. ಕೂಡಿಸಿದರೆ 25. ಕಾದಂಬರಿಕಾರರ ಹೆಸರನ್ನು ಇತರ ಹೆಸರುಗಳ ಗುಂಪಿನಲ್ಲಿ ಕಳೆದುಹೋಗಲು ಬಿಡದೆ, ಸಾಧ್ಯವಾದರೆ ಕಾದಂಬರಿಯ ಮುಖ್ಯ ಚಲನೆ ತೆರೆಯ ಮೇಲೆ ಅತಿ ಸ್ಪಷ್ಟವಾಗಿರುವ ಗಳಿಗೆಯಲ್ಲೇ ತರುವುದು ನನ್ನ ಅಭ್ಯಾಸ. ಒಪ್ಪಂದ ಇದನ್ನು ಕೇಳುವುದಿಲ್ಲ, ಆದರೆ ನ್ಯಾಯ ಕೇಳುತ್ತದೆ.

ಅಕ್ಷರಗಳು

ಕನ್ನಡದಲ್ಲಿ ಶೀರ್ಷಿಕೆ ಮಾಡುವವರು ಇಂಗ್ಲಿಷ್ ಅಕ್ಷರಗಳಿಗಾಗಿ ತಯಾರಾದ ಸಿದ್ಧ ಅನಿಮೇಷನ್‌ಗಳನ್ನು ಎಳೆದು ಹಾಕಿದರೆ ಕೈಸುಟ್ಟುಕೊಳ್ಳುತ್ತಾರೆ. ಆ ಸಿದ್ಧ ಮಾದರಿಗಳಲ್ಲಿ ಹಲವು ಪಠ್ಯವನ್ನು ಯೂನಿಕೋಡ್ (ಕಂಪ್ಯೂಟರಿನ ಅಕ್ಷರಸಂಕೇತ) ಚಿಹ್ನೆಗಳ ಸಾಲು ಎಂದು ಎಣಿಸಿ ಒಂದೊಂದನ್ನೇ ಹಾರಿಸುತ್ತವೆ. ನಮ್ಮ ಬರವಣಿಗೆಯ ಘಟಕವೋ ಪೂರ್ಣಾಕ್ಷರ. ‘ಲಕ್ಷ್ಮಿ’ ಎಂಬ ಎರಡೇ ಅಕ್ಷರದ ಹೆಸರಿನಲ್ಲಿ ಯೂನಿಕೋಡ್ ಲೆಕ್ಕಕ್ಕೆ ಏಳು ಚಿಹ್ನೆಗಳಿವೆ: ಲ, ಕ, ಅರ್ಧಚಿಹ್ನೆ, ಷ, ಮತ್ತೊಂದು ಅರ್ಧಚಿಹ್ನೆ, ಮ, ಗುಡಿಸು. ಇವು ಬಿಡಿಬಿಡಿಯಾಗಿ ಬಂದು ಸೇರುವಾಗ ಒತ್ತಕ್ಷರ ಒಡೆದು, ಗುಡಿಸು ಗಾಳಿಯಲ್ಲಿ ತೂಗಿ, ಅರ್ಧ ಸೆಕೆಂಡು ತೆರೆಯ ಮೇಲೆ ಹೆಸರೇ ಅಲ್ಲದ ಏನೋ ಒಂದು ಕಾಣಿಸುತ್ತದೆ. ಪರಿಹಾರ ಸರಳ: ಫಾಂಟ್‌ನಲ್ಲಿ ಜೋಡಿಸಿದ ಪದವನ್ನು ಆಕಾರವಾಗಿ ಪರಿವರ್ತಿಸಿ, ಪ್ರತಿ ಪೂರ್ಣಾಕ್ಷರವನ್ನೂ ಅದರ ಒತ್ತು ಮತ್ತು ಸ್ವರಚಿಹ್ನೆಗಳ ಸಮೇತ ಒಂದು ಲೇಯರ್ (ಪದರ) ಆಗಿ ಕಟ್ಟಿ, ಆ ಲೇಯರ್‌ಗಳನ್ನು ಚಲಿಸಬೇಕು. ಪರಿವರ್ತಿಸುವ ಮುನ್ನ ಕಾಗುಣಿತವನ್ನು ಎರಡು ಬಾರಿ ನೋಡಿರಬೇಕು, ಏಕೆಂದರೆ ಆಮೇಲೆ ಅದು ಪಠ್ಯವಾಗಿ ಉಳಿದಿರುವುದಿಲ್ಲ.

ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು. ತೀರ ಸಪೂರವಾದ ಗೆರೆಗಳ ಫಾಂಟ್ ಕಂಪ್ಯೂಟರಿನ ಮುಂದೆ ನಾಜೂಕಾಗಿ ಕಂಡರೂ ಚಲಿಸುವಾಗ ಮಿನುಗಿ ಕಣ್ಣಿಗೆ ಕಿರಿಕಿರಿ ಮಾಡುತ್ತದೆ. ಹೆಸರುಗಳು ತೆರೆಯ ಅಂಚಿಗೆ ತಾಗದಂತೆ ನಡುವಿನ ಶೇಕಡಾ 90ರಷ್ಟು ಅಗಲ ಮತ್ತು ಎತ್ತರದೊಳಗೆ ಇರಲಿ.

ಆದರೆ ಲಿಪಿಯ ಈ ಗುಣವನ್ನು ತೊಡಕೆಂದು ಮಾತ್ರ ನೋಡಬೇಕಾಗಿಲ್ಲ. ‘ಮಟ್ಟ’ ಎಂಬ ಪದವನ್ನು ದೊಡ್ಡದಾಗಿ ಬರೆದು ನೋಡಿ. ‘ಮ’ ಮತ್ತು ‘ಟ’ ಸಾಲಿನ ಮೇಲೆ ಕೂತಿವೆ, ಒತ್ತಾದ ಟಕಾರ ಮಾತ್ರ ಸಾಲಿನ ಕೆಳಗೆ ತೂಗುತ್ತಿದೆ. ನಮ್ಮ ನಾಲ್ಕು ಆವರ್ತಗಳಲ್ಲಿ ನೀರಿನ ಗೆರೆ ಕೆಳಗಿನಿಂದ ಏರಿ ಬಂದು ಸರಿಯಾಗಿ ಆ ಸಾಲಿಗೆ ನಿಂತರೆ, ಎರಡು ಅಕ್ಷರ ದಡದ ಮೇಲೆ ಉಳಿಯುತ್ತವೆ, ಒತ್ತು ಮುಳುಗುತ್ತದೆ. ಅದು ಮುಳುಗಿದ ಮೇಲೆ ಓದಲು ಉಳಿಯುವುದು ‘ಮಟ’ ಎಂಬ ಅಪೂರ್ಣ ಪದ; ನೀರು ತಿಳಿಯಾದಾಗ ಒತ್ತು ಒಳಗಿನಿಂದ ಮಸುಕಾಗಿ ಕಾಣುತ್ತದೆ, ಮುಳುಗಿದ ಊರು ಬೇಸಿಗೆಯಲ್ಲಿ ಕಾಣುವ ಹಾಗೆ. ಕಾದಂಬರಿಯ ಇಡೀ ವಿಷಯ ಒಂದು ಪದದ ಒಳಗೆ ನಡೆದುಹೋಯಿತು, ಅದೂ ಒತ್ತು ಕೆಳಗಿಳಿಯುವ ಕನ್ನಡದಂಥ ಲಿಪಿಯಲ್ಲಿ ಮಾತ್ರ ಸಾಧ್ಯವಾಗುವಂತೆ. ಇಂಥದು ಪ್ರತಿ ಹೆಸರಿನಲ್ಲೂ ಸಿಗುವುದಿಲ್ಲ, ಸಿಗದಿದ್ದಾಗ ಬಲವಂತವಾಗಿ ತುರುಕಲೂಬಾರದು. ಆದರೆ ಶೀರ್ಷಿಕೆಯ ಪದವನ್ನು ಕೈಯಲ್ಲಿ ಐವತ್ತು ಬಾರಿ ಬರೆದು ನೋಡದೆ ಫಾಂಟ್ ಹುಡುಕಲು ಹೋಗಬಾರದು ಎಂಬುದಕ್ಕೆ ಇಷ್ಟು ಕಾರಣ ಸಾಕು.

ಸಾಮಗ್ರಿ, ಸ್ಟೈಲ್ ಫ್ರೇಮ್, ಅನಿಮ್ಯಾಟಿಕ್

ಯಾವ ತಂತ್ರದಲ್ಲಿ ಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಚಲನೆಯಿಂದಲೇ ಬರಬೇಕು. ಸವೆಯುವುದು, ಕದಡುವುದು ಮುಖ್ಯವಾದರೆ ಗಾಜಿನ ಮೇಲಿನ ಮರಳು. ತುಂಡಾಗುವುದು, ಜೋಡಣೆಯಾಗುವುದು ಮುಖ್ಯವಾದರೆ ಕಾಗದದ ಕಟ್-ಔಟ್. ಆಳವಾದ ಜಾಗದೊಳಗೆ ಸಂಚರಿಸುವುದು ಮುಖ್ಯವಾದರೆ ತ್ರೀಡಿ. ಕೈಬರಹದ ಗೆರೆಯೇ ಕಥಾವಸ್ತುವಾಗಿರುವ ‘ಮಟ್ಟ’ಕ್ಕೆ ಕಾಗದದ ಮೇಲೆ ಶಾಯಿಯಲ್ಲಿ ಬರೆದ ಚಿತ್ರಗಳೇ ಸರಿ. ಈಗ ಖರ್ಚಿನ ಲೆಕ್ಕ ನೋಡಬೇಕು. 75 ಸೆಕೆಂಡು ಎಂದರೆ 1800 ಫ್ರೇಮ್. ಒಂದು ಚಿತ್ರವನ್ನು ಎರಡು ಫ್ರೇಮ್‌ಗಳಿಗೆ ಹಿಡಿಯುವ ಹಳೆಯ ರೂಢಿಯಂತೆ ನಡೆದರೆ 900 ಚಿತ್ರ. ಒಬ್ಬರು ದಿನಕ್ಕೆ 20 ಅಂತಿಮ ಚಿತ್ರ ಬರೆಯುತ್ತಾರೆ ಎಂದುಕೊಂಡರೆ 45 ದಿನದ ಕೆಲಸ, ತಿದ್ದುಪಡಿ ಬೇರೆ. ಸಮಯ ಅಷ್ಟಿಲ್ಲದಿದ್ದರೆ ಶೀರ್ಷಿಕೆಯನ್ನು ಕೆಡಿಸುವ ಬದಲು ಚಿತ್ರಗಳನ್ನು ಕಡಿಮೆ ಮಾಡುವ ಉಪಾಯ ಹುಡುಕಬೇಕು: ಹಿನ್ನೆಲೆಯ ನಕ್ಷೆ ಒಂದೇ ದೊಡ್ಡ ಕಾಗದವಾಗಿದ್ದು, ಅದರ ಮೇಲೆ ಚಲಿಸುವ ಗೆರೆ ಮಾತ್ರ ಹೊಸದಾಗಿ ಬರೆದದ್ದಾದರೆ ಪ್ರತಿ ಚಿತ್ರದ ಶ್ರಮ ನಾಲ್ಕನೆಯ ಒಂದು ಪಾಲಿಗೆ ಇಳಿಯಬಹುದು.

ಸ್ಟೈಲ್ ಫ್ರೇಮ್ ಎಂದರೆ ಅಂತಿಮ ರೂಪದಲ್ಲಿ ಪೂರ್ತಿಯಾಗಿ ಮಾಡಿ ತೋರಿಸುವ ಮೂರೋ ನಾಲ್ಕೋ ಬಿಡಿ ಚಿತ್ರಗಳು. ಆರಂಭದ ಒಂದು, ಹೆಸರಿರುವ ಒಂದು, ಶೀರ್ಷಿಕೆಯ ಪದದ ಒಂದು ಇದ್ದರೆ ಸಾಕು. ನಿರ್ದೇಶಕರಿಗೆ ಇವುಗಳನ್ನು ತೋರಿಸುವಾಗ ನಾಲ್ಕು ಬೇರೆ ಬೇರೆ ಶೈಲಿಗಳನ್ನು ಮುಂದಿಟ್ಟು “ಯಾವುದು ಬೇಕು” ಎಂದು ಕೇಳುವ ಪದ್ಧತಿ ನನಗೆ ಒಗ್ಗಿಲ್ಲ. ಹಾಗೆ ಕೇಳಿದರೆ ಒಂದರ ಬಣ್ಣ, ಇನ್ನೊಂದರ ಅಕ್ಷರ, ಮತ್ತೊಂದರ ಹಿನ್ನೆಲೆ ಎಂದು ಕಲಸುಮೇಲೋಗರವಾಗುತ್ತದೆ. ನಂಬಿದ ಒಂದನ್ನು ಕಾರಣ ಸಮೇತ ಮುಂದಿಡುವುದು, ಒಪ್ಪದಿದ್ದರೆ ಹಿಂತಿರುಗಿ ಆ ಒಂದು ವಾಕ್ಯದಿಂದ ಮತ್ತೆ ಆರಂಭಿಸುವುದು ಒಳ್ಳೆಯದು.

ಶಾಟ್‌ಗಳನ್ನು ಅನುಕ್ರಮವಾಗಿ ಚೌಕಗಳಲ್ಲಿ ಗೀಚಿದ ಸ್ಟೋರಿಬೋರ್ಡಿನ ಪ್ರತಿ ಚೌಕದ ಕೆಳಗೆ ಆವರ್ತದ ಸಂಖ್ಯೆ, ಮೊದಲ ಮತ್ತು ಕೊನೆಯ ಫ್ರೇಮ್, ತೆರೆಯ ಮೇಲಿನ ಹೆಸರು, ಅದರ ಸ್ಥಾನ ಇವಿಷ್ಟನ್ನು ಬರೆದಿರಬೇಕು. ನಮ್ಮ ಮೊದಲ ಮೂರು ಆವರ್ತಗಳನ್ನು ಹತ್ತಿರದಿಂದ ನೋಡೋಣ. 1ರಿಂದ 72ನೆಯ ಫ್ರೇಮ್: ಖಾಲಿ ಕಾಗದ, ಅದರ ನಾರು ಕಾಣುವಷ್ಟು ಹತ್ತಿರ, 19ನೆಯ ಫ್ರೇಮಿಗೆ, ಎಂದರೆ ಎರಡನೆಯ ಬೀಟ್‌ಗೆ, ಎಡಗಡೆಯ ಕೆಳ ಮೂಲೆಯಿಂದ ಕಂದು ಗೆರೆಯೊಂದು ಹೊರಡುತ್ತದೆ. ಅದು ಯಂತ್ರದ ಗೆರೆಯಂತೆ ಒಂದೇ ವೇಗದಲ್ಲಿ ಸಾಗಬಾರದು. ಪೆನ್ನು ಹಿಡಿದ ಕೈ ತಿರುವಿನಲ್ಲಿ ನಿಧಾನಿಸುತ್ತದೆ, ನೇರದಲ್ಲಿ ಓಡುತ್ತದೆ, ಶಾಯಿ ನಿಂತಲ್ಲಿ ಚುಕ್ಕೆ ಬಿಡುತ್ತದೆ. 73ರಿಂದ 144: ಕ್ಯಾಮೆರಾ ಅಲುಗದೆ ನಿಂತಿದೆ, ಮೊದಲ ಗೆರೆಯ ಒಳಗೆ ಎರಡನೆಯದು, ಅದರ ಒಳಗೆ ಮೂರನೆಯದು, ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಕಂಟೂರ್ ಗೆರೆಗಳಂತೆ. 145ರಿಂದ 216: ಅತಿ ಹೊರಗಿನ ಗೆರೆಯ ಕಂದುಬಣ್ಣ ತುದಿಯಿಂದ ನೀಲಿಯಾಗತೊಡಗುತ್ತದೆ, ಮತ್ತು ಅದು ಮೊದಲ ಬಾರಿ ಅದುರುತ್ತದೆ. ಪ್ರೇಕ್ಷಕನಿಗೆ ಇದು ನಕ್ಷೆಯಲ್ಲ, ದಂಡೆ ಎಂದು ಹೊಳೆಯಬೇಕಾದದ್ದು ಇಲ್ಲಿಯೇ. ಕಂಟೂರ್ ಗೆರೆಗಳು ಬೆರಳಚ್ಚಿನಂತೆಯೂ ಕಾಣುತ್ತವೆ ಎಂಬ ಯೋಚನೆ ಎಲ್ಲರಿಗೂ ಈ ಹಂತದಲ್ಲಿ ಬಂದೇ ಬರುತ್ತದೆ. ಅದನ್ನು ಬಿಟ್ಟುಬಿಡಬೇಕು. ಕಾದಂಬರಿಯಲ್ಲಿ ಬೆರಳಚ್ಚು ಇಲ್ಲ, ಹೋಲಿಕೆ ಸುಲಭವಾಗಿ ಸಿಕ್ಕಿತೆಂಬ ಕಾರಣಕ್ಕೆ ಅದನ್ನು ತಂದರೆ ಪ್ರೇಕ್ಷಕ ಪತ್ತೇದಾರಿ ಕಥೆಯನ್ನು ಕಾಯುತ್ತ ಕೂರುತ್ತಾನೆ.

ಸ್ಟೋರಿಬೋರ್ಡಿನ ಚೌಕಗಳನ್ನು ಸಂಗೀತದ ಮೇಲೆ ಅದೇ ಅವಧಿಗೆ ಜೋಡಿಸಿದರೆ ಅನಿಮ್ಯಾಟಿಕ್ ಸಿದ್ಧ. ಪೆನ್ಸಿಲ್ ಗೀಚುಗಳಾದರೂ ಚಿಂತೆಯಿಲ್ಲ, ಹೆಸರುಗಳು ಮಾತ್ರ ಅಂತಿಮ ಫಾಂಟ್ ಮತ್ತು ಗಾತ್ರದಲ್ಲೇ ಇರಬೇಕು. ಇದನ್ನು ಮೂರು ರೀತಿಯಲ್ಲಿ ನೋಡಿ. ಒಮ್ಮೆ ಧ್ವನಿಯಿಲ್ಲದೆ, ಚಿತ್ರಗಳ ಲಯ ತನ್ನ ಕಾಲ ಮೇಲೆ ನಿಂತಿದೆಯೇ ಎಂದು. ಒಮ್ಮೆ ಅಂಗೈಯಷ್ಟು ಚಿಕ್ಕ ಪರದೆಯಲ್ಲಿ, ಹೆಸರುಗಳು ಓದಲು ಬರುತ್ತವೆಯೇ ಎಂದು. ಒಮ್ಮೆ ಚಿತ್ರದ ಮೊದಲ ದೃಶ್ಯಕ್ಕೆ ಅಂಟಿಸಿ. ಶೀರ್ಷಿಕೆಯ ಕೊನೆಯ ಎರಡು ಆವರ್ತಗಳಿಂದ ಚಿತ್ರದ ಮೊದಲ ಶಾಟ್‌ಗೆ ದಾಟುವ ಹೊಲಿಗೆ ಅಲ್ಲಿ ಮಾತ್ರ ಕಾಣುತ್ತದೆ. ಬೆಳಕು ಪಟಪಟನೆ ಹೊತ್ತಿ ಆರುವ ಶಾಟ್ ಇದ್ದರೆ ಅದು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಬಾರಿ ಮಿಂಚದಂತೆ ಈಗಲೇ ಸರಿಪಡಿಸಿ, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ಕೆಲವರಿಗೆ ಅಪಸ್ಮಾರ ಬರುವ ಅಪಾಯವಿದೆ.

ಉತ್ಪಾದನೆಯ ವೇಳಾಪಟ್ಟಿಯಲ್ಲಿ ಅತಿ ಕಷ್ಟದ ಶಾಟನ್ನು ಮೊದಲು ಮಾಡಿ. ‘ಮಟ್ಟ’ದಲ್ಲಿ ಅದು ಒತ್ತಕ್ಷರ ಮುಳುಗುವ 12 ಸೆಕೆಂಡು. ಅದು ಆಗುವುದಿಲ್ಲ ಎಂದು ಎರಡನೆಯ ವಾರದಲ್ಲಿ ತಿಳಿದರೆ ಇಡೀ ಯೋಜನೆಯನ್ನು ತಿರುಗಿಸಲು ಸಮಯವಿರುತ್ತದೆ, ಎಂಟನೆಯ ವಾರದಲ್ಲಿ ತಿಳಿದರೆ ಇರುವುದಿಲ್ಲ. ಹೆಸರುಗಳ ಲೇಯರ್‌ಗಳನ್ನು ಚಿತ್ರದ ಲೇಯರ್‌ಗಳೊಂದಿಗೆ ಎಂದೂ ಬೆರೆಸಬೇಡಿ. ಬಿಡುಗಡೆಯ ಹಿಂದಿನ ದಿನವೂ ಒಂದು ಹೆಸರು ಬದಲಾಗಬಹುದು, ಬೇರೆ ಭಾಷೆಯ ಆವೃತ್ತಿಗೆ ಹೆಸರುಗಳಿಲ್ಲದ ಖಾಲಿ ಶೀರ್ಷಿಕೆಯನ್ನೂ ಕೇಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಬೇರೆ ಲಿಪಿಗೆ ಹೋದಾಗ ಮುಳುಗಲು ಒತ್ತಕ್ಷರವೇ ಇರದಿರಬಹುದು, ಆದ್ದರಿಂದ ಆ ನಾಲ್ಕು ಆವರ್ತಗಳಿಗೆ ಪರ್ಯಾಯ ಶಾಟ್ ಒಂದನ್ನು ಯೋಜನೆಯಲ್ಲೇ ಸೇರಿಸಿ, ಅದರ ದಿನಗಳನ್ನೂ ಅಂದಾಜಿನಲ್ಲಿ ಬರೆದಿಡಬೇಕು.

ಅನಿಮ್ಯಾಟಿಕ್ ಒಪ್ಪಿಗೆಯಾಗುವ ಮುನ್ನ ಕಾದಂಬರಿಯನ್ನು ಓದದ ಒಬ್ಬರಿಗೆ ಅದನ್ನು ಒಂದೇ ಬಾರಿ ತೋರಿಸಿ, “ಏನು ಅರ್ಥವಾಯಿತು” ಎಂದು ಕೇಳದೆ “ಏನು ನಡೆಯಿತು” ಎಂದು ಕೇಳಿ. “ಗೆರೆಗಳು ಇದ್ದವು, ಆಮೇಲೆ ನೀರು ಬಂತು” ಎಂದರೆ ಮುಂದುವರಿಯಬಹುದು. “ಯಾವುದೋ ಹಳೆಯ ನಕ್ಷೆ, ತುಂಬ ಚೆನ್ನಾಗಿತ್ತು” ಎಂದರೆ ಚಲನೆ ತೆರೆಗೆ ಬಂದಿಲ್ಲ, ವಸ್ತು ಮಾತ್ರ ಬಂದಿದೆ. ಕ್ರಿಯಾಪದಗಳ ನೋಟ್‌ಪುಸ್ತಕವನ್ನು ಮತ್ತೆ ತೆರೆಯಬೇಕು.